ಇಟ್ಟಲ್ಲಿ ಇರದ ಜೀವಿಗೆ ತೊಟ್ಟಿ ಸಿದ್ಧವಿದೆಯೇ?

(ಹವಳದ ಅಕ್ವೇರಿಯಂ ಸಾಕುವವರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಮನೆಯಲ್ಲಿ ಹವಳದ ತೊಟ್ಟಿ ಇಟ್ಟುಕೊಂಡವರು ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು: ‘ಒಂದು ಅನಿಮೋನ್ ತರಬೇಕೆಂದಿದ್ದೇನೆ, ಎಲ್ಲಿ ಇಟ್ಟರೆ ಚೆನ್ನ?’ ನಾನೂ ಇದನ್ನೇ ಕೇಳಿದ್ದೆ. ಕಡಲಹೂ ಎಂದು ಕರೆಸಿಕೊಳ್ಳುವ ಈ ಜೀವಿ ನೋಡಲು ಹೂವಿನಂತಿರುವುದರಿಂದ, ಹೂಕುಂಡಕ್ಕೆ ಜಾಗ ಹುಡುಕಿದಂತೆ ಇದಕ್ಕೂ ಒಂದು ಜಾಗ ಹುಡುಕಿಕೊಟ್ಟರೆ ಸಾಕೆಂದು ಮನಸ್ಸು ತಿಳಿದುಬಿಡುತ್ತದೆ. ಹವಳಗಳ ವಿಷಯದಲ್ಲಿ ಈ ಲೆಕ್ಕ ಬಹುಮಟ್ಟಿಗೆ ಸರಿ. ಕಲ್ಲಿಗೆ ಅಂಟಿಸಿದ ಹವಳ ಅಂಟಿಸಿದಲ್ಲೇ ಬೆಳೆಯುತ್ತದೆ. ಅದಕ್ಕೆ ಬೇಕಾದ ಬೆಳಕನ್ನೂ ನೀರಿನ ಸೆಳೆತವನ್ನೂ ಆ ಒಂದು ಜಾಗದಲ್ಲಿ ಹೊಂದಿಸಿಕೊಟ್ಟರೆ ಆಯಿತು. ಅನಿಮೋನ್ ಹಾಗಲ್ಲ. ಅದಕ್ಕೆ ಪಾದವಿದೆ, ಅದು ನಡೆಯುತ್ತದೆ, ಎಲ್ಲಿ ನಿಲ್ಲಬೇಕೆಂಬುದನ್ನು ಅದೇ ತೀರ್ಮಾನಿಸುತ್ತದೆ. ಆದ್ದರಿಂದ ನಾವು ನೋಡಬೇಕಾದದ್ದು ಅದಕ್ಕೆ ಹೊಂದುವ ಒಂದು ಮೂಲೆಯನ್ನಲ್ಲ, ಅದು ಹೋಗಿ ಸೇರಬಹುದಾದ ಎಲ್ಲ ಮೂಲೆಗಳನ್ನು. ಇವತ್ತು ನಾನು ಹೇಳಲಿರುವುದೆಲ್ಲ ಈ ಒಂದು ಮಾತಿನ ವಿಸ್ತರಣೆ.

ನನ್ನ ಮೊದಲ ಅನಿಮೋನನ್ನು ತಂದಾಗ ತೊಟ್ಟಿಗೆ ನಾಲ್ಕು ತಿಂಗಳು ತುಂಬಿತ್ತಷ್ಟೆ. ಅಂದು ಮಧ್ಯಾಹ್ನ ನೀರು ಪರೀಕ್ಷಿಸಿದ್ದೆ. ಅಮೋನಿಯ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ ತೀರ ಕಡಿಮೆ. ಸಂಜೆ ನಡುವಿನ ಕಲ್ಲಿನ ಮೇಲೆ ಅದನ್ನು ಇಟ್ಟೆ. ಒಂದು ಗಂಟೆಯೊಳಗೆ ಅದು ತನ್ನ ಕರಬಳ್ಳಿಗಳನ್ನು ಬಿಚ್ಚಿಕೊಂಡು ಅರಳಿ ನಿಂತಿತು, ನಾನು ನಿಶ್ಚಿಂತೆಯಿಂದ ಮಲಗಿದೆ. ಬೆಳಗಿನ ಜಾವ ಎಚ್ಚರವಾದದ್ದು ಸದ್ದಿನಿಂದ. ಸದಾ ಸಣ್ಣಗೆ ಗುಂಯ್‌ಗುಡುತ್ತಿದ್ದ ವೇವ್ ಮೇಕರ್, ಅಂದರೆ ತೊಟ್ಟಿಯ ನೀರನ್ನು ಅಲೆಯಾಡಿಸುವ ಪಂಪ್, ತಡೆತಡೆದು ಕರಕರ ಎನ್ನುತ್ತಿತ್ತು. ಟಾರ್ಚ್ ಹಿಡಿದು ನೋಡಿದರೆ ನೀರು ಹಾಲು ಬೆರೆಸಿದಂತೆ ಮಸುಕಾಗಿತ್ತು, ಪಂಪಿನ ಸೀಳುಗಳಲ್ಲಿ ಕಂದು ಬಣ್ಣದ ಎಳೆಗಳು ಸಿಕ್ಕಿಕೊಂಡಿದ್ದವು, ಮೀನುಗಳು ಮೇಲ್ಮೈಗೆ ಬಂದು ಬಾಯಿ ಬಡಿಯುತ್ತಿದ್ದವು. ಬಕೆಟ್ಟಿನಲ್ಲಿ ಸಿದ್ಧವಾಗಿಟ್ಟ ಉಪ್ಪುನೀರು ಆ ಹೊತ್ತಿಗೆ ನನ್ನ ಬಳಿ ಇರಲಿಲ್ಲ. ಉಪ್ಪು ಕರಗಿಸಿ, ನೀರನ್ನು ಹದಕ್ಕೆ ಬಿಸಿ ಮಾಡಿ ಬದಲಾಯಿಸುವಷ್ಟರಲ್ಲಿ ಎರಡು ಮೀನುಗಳೂ ಒಂದು ಸೀಗಡಿಯೂ ಹೋಗಿದ್ದವು. ಅನಿಮೋನ್ ಅಂತೂ ಚೂರುಚೂರಾಗಿತ್ತು.

ಈ ಘಟನೆಯನ್ನು ಹಲವು ವರ್ಷಗಳಿಂದ ಈ ಹವ್ಯಾಸದಲ್ಲಿದ್ದ ಹಿರಿಯರೊಬ್ಬರಿಗೆ ತಿಳಿಸಿ, ನೀರಿನ ಅಂಕಿಗಳೆಲ್ಲ ಸರಿಯಾಗಿಯೇ ಇದ್ದವಲ್ಲ ಎಂದೆ. ಅವರು, ‘ಆ ದಿನದ ಅಂಕಿ ಬಿಡಿ, ಅದಕ್ಕೆ ಹಿಂದಿನ ಮೂರು ತಿಂಗಳದ್ದು ಬರೆದಿಟ್ಟಿದ್ದೀರಾ, ತೋರಿಸಿ’ ಎಂದರು. ನನ್ನ ಬಳಿ ಅಂಥದ್ದೇನೂ ಇರಲಿಲ್ಲ. ತೊಟ್ಟಿ ಸಿದ್ಧವಿದೆಯೇ ಎಂಬ ಪ್ರಶ್ನೆಗೆ ಉತ್ತರ ಹುಡುಕುವ ದಾರಿ ನನಗೆ ಕಂಡದ್ದು ಅವರ ಆ ಒಂದು ಮಾತಿನಿಂದ.

ಮೊದಲು ಈ ಜೀವಿಯ ಮೈಕಟ್ಟನ್ನು ಸ್ವಲ್ಪ ನೋಡೋಣ, ಏಕೆಂದರೆ ಮುಂದಿನ ನಿರ್ಧಾರಗಳೆಲ್ಲ ಅದರಿಂದಲೇ ಹುಟ್ಟುತ್ತವೆ. ಅನಿಮೋನ್ ಹವಳಗಳ, ಲೋಳೆಮೀನುಗಳ ಬಳಗಕ್ಕೆ ಸೇರಿದ ಪ್ರಾಣಿ. ಕೆಳಗೆ ಕಲ್ಲನ್ನು ಹಿಡಿದುಕೊಳ್ಳುವ ಅಗಲವಾದ ಪಾದ, ನಡುವೆ ಕಂಬದಂಥ ಮೈ, ಮೇಲೆ ತಟ್ಟೆಯಂಥ ಮುಖ, ಅದರ ನಟ್ಟನಡುವೆ ಬಾಯಿ, ಬಾಯಿಯ ಸುತ್ತ ಕರಬಳ್ಳಿಗಳು. ಆಹಾರ ಒಳಗೆ ಹೋಗುವುದೂ ಕಸ ಹೊರಗೆ ಬರುವುದೂ ಅದೇ ಒಂದು ಬಾಯಿಂದ. ಕರಬಳ್ಳಿಗಳಲ್ಲಿ ಸೂಕ್ಷ್ಮವಾದ ಕುಟುಕುಕಣಗಳಿರುತ್ತವೆ. ಏನಾದರೂ ತಗುಲಿದರೆ ಅವು ಸಿಡಿದು ವಿಷವನ್ನು ಚುಚ್ಚುತ್ತವೆ. ನಾವು ಸಾಕಲು ಬಯಸುವ ಉಷ್ಣವಲಯದ ಅನಿಮೋನುಗಳ ಮೈಯೊಳಗೆ ಕಣ್ಣಿಗೆ ಕಾಣದ ಏಕಕೋಶ ಪಾಚಿಗಳು ವಾಸಿಸುತ್ತವೆ. ಅವು ಬೆಳಕಿನಿಂದ ಆಹಾರ ತಯಾರಿಸಿ ಅದರ ದೊಡ್ಡ ಪಾಲನ್ನು ಆಶ್ರಯ ಕೊಟ್ಟ ಪ್ರಾಣಿಗೆ ಬಿಟ್ಟುಕೊಡುತ್ತವೆ. ಹೀಗೆ ಅನಿಮೋನಿಗೆ ಎರಡು ಬಗೆಯ ಊಟ: ಪಾಚಿ ಕೊಡುವುದೊಂದು, ತಾನೇ ಹಿಡಿದು ತಿನ್ನುವುದೊಂದು. ಎರಡರಲ್ಲಿ ಒಂದು ತಪ್ಪಿದರೂ ಅದು ತಕ್ಷಣ ಸಾಯುವುದಿಲ್ಲ, ಮತ್ತು ನಮ್ಮನ್ನು ದಾರಿ ತಪ್ಪಿಸುವುದು ಇದೇ ಸಂಗತಿ.

ಹಸಿದ ಹವಳ ತನ್ನ ಕಥೆಯನ್ನು ತಾನೇ ಹೇಳುತ್ತದೆ. ಅದರ ಮಾಂಸ ಸರಿದಂತೆ ಕೆಳಗಿನ ಬಿಳಿ ಸುಣ್ಣದ ಎಲುಬು ಕಾಣತೊಡಗುತ್ತದೆ, ಹೊಸಬರಿಗೂ ಅದು ತಿಳಿಯುತ್ತದೆ. ಅನಿಮೋನಿಗೆ ಎಲುಬೇ ಇಲ್ಲ. ಸಾಕಷ್ಟು ಆಹಾರ ಸಿಗದಿದ್ದಾಗ ಅದು ತನ್ನ ಮೈಯನ್ನೇ ಕರಗಿಸಿಕೊಂಡು ಚಿಕ್ಕದಾಗುತ್ತ ಹೋಗುತ್ತದೆ. ಆಕಾರ ಹಾಗೆಯೇ ಇರುತ್ತದೆ, ಕರಬಳ್ಳಿಗಳು ಅಲ್ಲಾಡುತ್ತಲೇ ಇರುತ್ತವೆ, ದಿನವೂ ನೋಡುವ ಕಣ್ಣಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಊಟದ ತಟ್ಟೆಯಷ್ಟಿದ್ದದ್ದು ಒಂದು ವರ್ಷದಲ್ಲಿ ಬಟ್ಟಲಿನಷ್ಟಾಗಿದ್ದರೂ ‘ನಮ್ಮದು ಚೆನ್ನಾಗಿದೆ’ ಎಂದು ಹೇಳುವವರನ್ನು ನಾನು ಕಂಡಿದ್ದೇನೆ, ಅವರು ಸುಳ್ಳು ಹೇಳುತ್ತಿರಲಿಲ್ಲ. ಆದ್ದರಿಂದ ಯಾರಾದರೂ ಆರು ತಿಂಗಳಿಂದ ಅನಿಮೋನ್ ಸಾಕುತ್ತಿದ್ದೇನೆ ಎಂದರೆ ನಾನು ಮೊದಲು ಕೇಳುವುದು, ತಂದ ದಿನ ಎಷ್ಟು ಅಗಲವಿತ್ತು, ಈಗ ಎಷ್ಟು ಅಗಲವಿದೆ ಎಂದು. ಬದುಕಿರುವುದು ಬೇರೆ, ಬಾಳುವುದು ಬೇರೆ.

ಎಷ್ಟು ಕಾಲ ಬಾಳಬಲ್ಲದು ಎಂಬುದಕ್ಕೆ ಒಂದು ಪ್ರಸಿದ್ಧ ಉದಾಹರಣೆ ಇದೆ. ಸ್ಕಾಟ್ಲೆಂಡಿನ ನಿಸರ್ಗ ವಿಜ್ಞಾನಿ ಸರ್ ಜಾನ್ ಗ್ರಹಾಂ ಡ್ಯಾಲ್ಯೆಲ್ ಅವರು 1828ರಲ್ಲಿ ಅಲ್ಲಿನ ಕಡಲ ತೀರದಿಂದ ಒಂದು ಸಣ್ಣ ಅನಿಮೋನನ್ನು ತಂದು ಗಾಜಿನ ಪಾತ್ರೆಯಲ್ಲಿ ಸಾಕಿದರು. 1851ರಲ್ಲಿ ಅವರು ತೀರಿಕೊಂಡರು, ಅನಿಮೋನ್ ಬದುಕಿತ್ತು. ಅಲ್ಲಿಂದ ಅದು ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ಹೋಗುತ್ತ, ‘ಅಜ್ಜಿ’ ಎಂಬ ಅರ್ಥದ ಹೆಸರು ಪಡೆದು, 1887ರಲ್ಲಿ ಎಡಿನ್‌ಬರೋದಲ್ಲಿ ಸತ್ತಿತು. ಪಾತ್ರೆಯಲ್ಲೇ 59 ವರ್ಷ! ಅಲ್ಲಿ ಪಂಪ್ ಇರಲಿಲ್ಲ, ವಿದ್ಯುತ್ ದೀಪ ಇರಲಿಲ್ಲ; ನೀರನ್ನು ತಪ್ಪದೆ ಬದಲಾಯಿಸುತ್ತಿದ್ದ ಕೈಗಳಿದ್ದವು. ಇದನ್ನು ಕೇಳಿ ನಮ್ಮ ಕೆಲಸ ಸುಲಭವೆಂದು ಯಾರೂ ತಿಳಿಯಬಾರದು. ಅದು ತಣ್ಣೀರಿನ ತೀರದ, ಉಬ್ಬರವಿಳಿತದ ಬಂಡೆಗಳ ಮೇಲೆ ಬಿಸಿಲು ಮಳೆ ಎಲ್ಲವನ್ನೂ ಸಹಿಸಿ ಬದುಕುವ ಜಾತಿ, ಮೈಯೊಳಗೆ ಪಾಚಿಯನ್ನು ನೆಚ್ಚಿಕೊಂಡದ್ದಲ್ಲ. ನಾವು ಸಾಕುವ ಹವಳದಿಬ್ಬದ ಜಾತಿಗಳಿಗೆ ಅಂಥ ಸಹನೆ ಇಲ್ಲ. ಆದರೂ ಆ ಕಥೆಯಿಂದ ಒಂದನ್ನು ತೆಗೆದುಕೊಳ್ಳಬೇಕು. ಅನಿಮೋನಿಗೆ ವಯಸ್ಸಾಗಿ ಸಾಯುವುದು ಅಪರೂಪ; ನಮ್ಮ ತೊಟ್ಟಿಯಲ್ಲಿ ಅದು ಎರಡು ವರ್ಷಕ್ಕೆ ಸತ್ತರೆ ‘ಅದರ ಆಯಸ್ಸು ಅಷ್ಟೇ’ ಎಂದು ಹೇಳುವ ಅವಕಾಶ ನಮಗಿಲ್ಲ.

ಈಗ ತೊಟ್ಟಿಯ ಕಡೆಗೆ ಬರೋಣ. ತೊಟ್ಟಿ ‘ಪಕ್ವ’ವಾಗಿರಬೇಕು ಎಂದು ಎಲ್ಲರೂ ಹೇಳುತ್ತಾರೆ, ಆದರೆ ಪಕ್ವತೆ ಎಂದರೇನು ಎಂದು ಹೇಳುವವರು ಕಡಿಮೆ. ಅಮೋನಿಯವನ್ನು ನೈಟ್ರೈಟಾಗಿ, ಅದನ್ನು ನೈಟ್ರೇಟಾಗಿ ಮಾರ್ಪಡಿಸುವ ಬ್ಯಾಕ್ಟೀರಿಯಗಳು ಸಾಮಾನ್ಯವಾಗಿ ಒಂದೂವರೆ ಎರಡು ತಿಂಗಳೊಳಗೆ ನೆಲೆಯೂರುತ್ತವೆ. ಮೀನು ಬಿಡಲು ಅಷ್ಟು ಸಾಕು. ಆದರೆ ಆ ನಂತರವೂ ತೊಟ್ಟಿ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೊರಳುತ್ತಲೇ ಇರುತ್ತದೆ: ಮರಳಿನ ಮೇಲೆ ಕಂದು ಪದರ ಬರುತ್ತದೆ, ಅದು ಹೋಗಿ ಹಸಿರು ಪಾಚಿ ಬರುತ್ತದೆ, ಫಾಸ್ಫೇಟ್ ಏರುತ್ತದೆ, ಇಳಿಯುತ್ತದೆ, ಕೊನೆಗೆ ಕಲ್ಲುಗಳ ಮೇಲೆ ನೇರಳೆ ಬಣ್ಣದ ಸುಣ್ಣಪಾಚಿ ಹಬ್ಬತೊಡಗುತ್ತದೆ. ಈ ಹೊರಳಾಟ ನಿಲ್ಲುವವರೆಗೆ, ಅಂದರೆ ಕನಿಷ್ಠ ಆರು ತಿಂಗಳು, ಸಾಧ್ಯವಾದರೆ ಒಂದು ವರ್ಷ ಕಾಯಬೇಕು. ನನ್ನ ಅಭಿಪ್ರಾಯದಲ್ಲಿ ಈ ಅವಧಿಯಲ್ಲಿ ಪಕ್ವವಾಗುವುದು ನೀರು ಮಾತ್ರವಲ್ಲ, ಸಾಕುವವರ ಅಭ್ಯಾಸವೂ ಹೌದು. ಎಷ್ಟು ದಿನಕ್ಕೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಎಷ್ಟು ನೀರು ಆವಿಯಾಗುತ್ತದೆ, ಸೆಕೆಯ ದಿನಗಳಲ್ಲಿ ತಾಪಮಾನ ಎಲ್ಲಿಯವರೆಗೆ ಏರುತ್ತದೆ ಎಂಬುದು ಕೈಗೆ ಕರಗತವಾಗಲು ಅಷ್ಟು ಕಾಲ ಬೇಕು.

ಇಟ್ಟುಕೊಳ್ಳಬೇಕಾದ ಅಂಕಿಗಳು ಹವಳದ ತೊಟ್ಟಿ ಇರುವವರಿಗೆ ಹೊಸವಲ್ಲ. ತಾಪಮಾನ 24ರಿಂದ 26 ಡಿಗ್ರಿ ಸೆಲ್ಸಿಯಸ್, ಲವಣಾಂಶ ಸಾವಿರಕ್ಕೆ 35 ಭಾಗ, ಪಿಎಚ್ 8.1ರಿಂದ 8.4, ಕ್ಷಾರತೆ 8ರಿಂದ 10 ಡಿಕೆಎಚ್ (ಕ್ಷಾರತೆಯನ್ನು ಅಳೆಯುವ ಮಾನ), ಅಮೋನಿಯ ಮತ್ತು ನೈಟ್ರೈಟ್ ಸೊನ್ನೆ. ನೈಟ್ರೇಟ್ 10 ಪಿಪಿಎಂ (ಹತ್ತು ಲಕ್ಷಕ್ಕೆ 10 ಭಾಗ) ಒಳಗಿದ್ದರೆ ಒಳ್ಳೆಯದು. ಆದರೆ ನೈಟ್ರೇಟೂ ಫಾಸ್ಫೇಟೂ ಪೂರ್ತಿ ಸೊನ್ನೆಗೆ ಇಳಿದರೆ ಮೈಯೊಳಗಿನ ಪಾಚಿಗಳೂ ಬಡವಾಗುತ್ತವೆ ಎಂಬುದನ್ನು ಮರೆಯಬಾರದು. ಈ ಅಂಕಿಗಳಿಗಿಂತ ಮುಖ್ಯವಾದದ್ದು ಅವುಗಳ ಏರಿಳಿತ. ಒಂದು ಲೆಕ್ಕ ನೋಡಿ. 200 ಲೀಟರ್ ನೀರಿರುವ ತೊಟ್ಟಿಯಿಂದ ದಿನಕ್ಕೆ 4 ಲೀಟರ್ ಆವಿಯಾಗುತ್ತದೆ ಎಂದುಕೊಳ್ಳೋಣ. ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. ಮೂರು ದಿನ ನೀರು ತುಂಬಿಸದಿದ್ದರೆ 35 ಇದ್ದ ಲವಣಾಂಶ 37 ದಾಟುತ್ತದೆ. ನಾಲ್ಕನೆಯ ದಿನ ನೆನಪಾಗಿ 12 ಲೀಟರ್ ಸಿಹಿನೀರನ್ನು ಒಮ್ಮೆಗೇ ಸುರಿದರೆ ಅದು ಕೆಲವೇ ನಿಮಿಷಗಳಲ್ಲಿ ಮತ್ತೆ 35ಕ್ಕೆ ಬೀಳುತ್ತದೆ. ಪರೀಕ್ಷೆ ಮಾಡಿದರೆ ‘ಸರಿಯಾಗಿದೆ’ ಎಂದೇ ಬರುತ್ತದೆ. ಮೀನಿಗೆ ಮೂತ್ರಪಿಂಡವಿದೆ, ಕಿವಿರಿದೆ, ಅದು ಹೇಗೋ ಸುಧಾರಿಸಿಕೊಳ್ಳುತ್ತದೆ. ಅನಿಮೋನಿಗೆ ಅಂಥ ಅಂಗ ಯಾವುದೂ ಇಲ್ಲ. ಹೊರಗಿನ ನೀರು ಎಷ್ಟು ಉಪ್ಪೋ ಒಳಗಿನ ದ್ರವವೂ ಅಷ್ಟೇ ಉಪ್ಪು. ನಾವು ಸುರಿದ ಸಿಹಿನೀರಿನ ಹೊಡೆತವನ್ನು ಅದರ ಒಂದೊಂದು ಜೀವಕೋಶವೂ ನೇರವಾಗಿ ಉಣ್ಣುತ್ತದೆ.

ಹಾಗಾಗಿ ನಾನು ಕೊಡುವ ಸಲಹೆ ಇಷ್ಟು. ಅನಿಮೋನ್ ತರುವ ಮೊದಲು ಮೂರು ತಿಂಗಳು ಒಂದು ನೋಟ್‌ಬುಕ್ಕಿನಲ್ಲಿ ದಿನವೂ ತಾಪಮಾನ ಮತ್ತು ಲವಣಾಂಶವನ್ನು, ವಾರಕ್ಕೊಮ್ಮೆ ಕ್ಷಾರತೆ, ನೈಟ್ರೇಟ್, ಫಾಸ್ಫೇಟ್‌ಗಳನ್ನು ಬರೆದಿಡಿ. ಮೂರು ತಿಂಗಳ ಕೊನೆಗೆ ಆ ಪುಟಗಳನ್ನು ಮಗುಚಿ ಓದಿ. ಲವಣಾಂಶ ಒಂದು ಅಂಕದೊಳಗೆ, ತಾಪಮಾನ ದಿನಕ್ಕೆ ಒಂದು ಡಿಗ್ರಿಯೊಳಗೆ ಆಡಿದ್ದರೆ ನೀರಿನ ಮಟ್ಟಿಗೆ ನೀವು ಸಿದ್ಧರು. ನಡುವೆ ಖಾಲಿ ಬಿಟ್ಟ ವಾರಗಳಿದ್ದರೆ ಅದೂ ಒಂದು ಉತ್ತರವೇ: ಆ ವಾರಗಳಲ್ಲಿ ನಿಮಗೆ ಪುರಸೊತ್ತಿರಲಿಲ್ಲ, ಅನಿಮೋನ್ ಬಂದ ಮೇಲೂ ಅಂಥ ವಾರಗಳು ಬರುತ್ತವೆ. ಆವಿಯಾದ ನೀರನ್ನು ತಾನೇ ತುಂಬಿಸುವ ಸಾಧನವನ್ನು ಅಳವಡಿಸಿ, ಇನ್ನೊಂದು ತಿಂಗಳು ಬರೆದು ನೋಡಿ.

ಬೆಳಕಿನ ವಿಷಯದಲ್ಲಿ ಅಂದಾಜು ಕೆಲಸಕ್ಕೆ ಬರುವುದಿಲ್ಲ. ಪಾಚಿಗೆ ಉಪಯೋಗವಾಗುವ ಬೆಳಕನ್ನು ಅಳೆಯುವ ಪಾರ್ ಮೀಟರನ್ನು ಯಾರಿಂದಲಾದರೂ ಒಂದು ದಿನದ ಮಟ್ಟಿಗೆ ತಂದು, ತೊಟ್ಟಿಯ ಒಂದು ಜಾಗದಲ್ಲಲ್ಲ, ಹತ್ತು ಹನ್ನೆರಡು ಜಾಗಗಳಲ್ಲಿ ಅಳೆಯಿರಿ. ಬಬಲ್ ಟಿಪ್ ಎಂಬ ಅನಿಮೋನ್ ಜಾತಿಗೆ ಪಾರ್ ಸುಮಾರು 150ರಿಂದ 350ರವರೆಗೆ ಸಾಕು, ಮ್ಯಾಗ್ನಿಫಿಕಾ ಮತ್ತು ಕಾರ್ಪೆಟ್ ಜಾತಿಗಳಿಗೆ ಅದಕ್ಕಿಂತ ಹೆಚ್ಚು ಬೇಕು. ತೊಟ್ಟಿಯ ತುದಿಯ ಕಲ್ಲಿನ ಮೇಲೆ ಮಾತ್ರ ಸಾಕಷ್ಟು ಬೆಳಕಿದ್ದು ಉಳಿದೆಡೆ ಮಬ್ಬಿದ್ದರೆ ಅನಿಮೋನ್ ಬೆಳಕು ಹುಡುಕಿಕೊಂಡು ಮೇಲೇರುತ್ತದೆ, ಮೇಲೆ ಇರುವುದು ನೀರು ಹೊರಹೋಗುವ ಬಾಯಿ ಮತ್ತು ಪಂಪ್. ಇನ್ನೊಂದು ಮಾತು. ಹವಳದ ತೊಟ್ಟಿಗಳ ಮೇಲೆ ನಾವು ಹಾಕುವ ನೀಲಿ ಬೆಳಕಿನಲ್ಲಿ ಪಾಚಿ ಕಳೆದುಕೊಂಡು ಬಿಳಿಚಿಕೊಂಡ ಅನಿಮೋನ್ ಕೂಡ ಮಿರಿಮಿರಿ ಹೊಳೆಯುತ್ತದೆ. ಆರೋಗ್ಯವಾಗಿರುವ ಅನಿಮೋನಿನ ಮೈಯಲ್ಲಿ, ಅದು ಹಸಿರಿರಲಿ ಕೆಂಪಿರಲಿ, ಒಳಗೊಂದು ಕಂದು ಛಾಯೆ ಇರಬೇಕು. ಅದನ್ನು ಬಿಳಿ ಬೆಳಕಿನಲ್ಲೇ ನೋಡಬೇಕು. ಕೊಳ್ಳುವಾಗ ನೀಲಿ ದೀಪ ಆರಿಸಿ ತೋರಿಸಿ ಎಂದು ಕೇಳಲು ಸಂಕೋಚ ಬೇಡ.

ಪಂಪುಗಳ ಬಗ್ಗೆ ನಾನು ಎಷ್ಟು ಹೇಳಿದರೂ ಕಡಿಮೆಯೇ. ತೊಟ್ಟಿಯಲ್ಲಿ ನೀರನ್ನು ಎಳೆಯುವ ಪ್ರತಿಯೊಂದು ಬಾಯಿಯನ್ನೂ ಬೆರಳಿನಿಂದ ಮುಟ್ಟಿ ನೋಡಿ. ವೇವ್ ಮೇಕರಿನ ಸೀಳುಗಳು, ಸಂಪ್ ಎಂಬ ಕೆಳಗಿನ ಪೂರಕ ತೊಟ್ಟಿಗೆ ನೀರಿಳಿಯುವ ಬಾಚಣಿಗೆಯಂಥ ತಡೆ, ತೂಗುಹಾಕಿದ ಫಿಲ್ಟರಿನ ಕೊಳವೆ, ಎಲ್ಲವೂ. ಕಿರುಬೆರಳಿನ ತುದಿ ಹೋಗುವ ಸೀಳಿನಲ್ಲಿ ಅನಿಮೋನ್ ಕೂಡ ಹೋಗುತ್ತದೆ, ಏಕೆಂದರೆ ಮೈಯಿಂದ ನೀರನ್ನು ಹೊರಬಿಟ್ಟು ಅದು ತನ್ನ ಗಾತ್ರವನ್ನು ಬಹಳ ಕಿರಿದಾಗಿಸಿಕೊಳ್ಳಬಲ್ಲದು. ಆ ಬಾಯಿಗಳಿಗೆ ಒರಟು ಸ್ಪಂಜನ್ನೋ ಸಣ್ಣ ಕಣ್ಣಿನ ಪ್ಲಾಸ್ಟಿಕ್ ಬಲೆಯನ್ನೋ ಕಟ್ಟಬೇಕು. ಕಟ್ಟಿದರೆ ಮುಗಿಯಲಿಲ್ಲ, ಅದು ವಾರದೊಳಗೆ ಕಸದಿಂದ ಕಟ್ಟಿಕೊಳ್ಳುತ್ತದೆ, ಹರಿವು ತಗ್ಗುತ್ತದೆ, ಬಿಚ್ಚಿ ತೊಳೆಯಬೇಕಾಗುತ್ತದೆ. ಈ ವಾರದ ತೊಳೆತವನ್ನು ವರ್ಷಗಟ್ಟಲೆ ಮಾಡಲು ಒಪ್ಪಿಗೆಯಿದ್ದರೆ ಮಾತ್ರ ಮುಂದಿನ ಹೆಜ್ಜೆ. ಹೀಟರಿನ ಗಾಜಿಗೆ ಅಂಟಿಕೊಂಡು ಸುಟ್ಟುಕೊಳ್ಳುವ ಅನಿಮೋನುಗಳೂ ಉಂಟು, ಆದ್ದರಿಂದ ಅದನ್ನು ಸಂಪಿನಲ್ಲಿಡುವುದು ಅಥವಾ ಸುತ್ತ ಪಂಜರ ಹಾಕುವುದು ಅಗತ್ಯ.

ಯಾವ ಜಾತಿ ಎಂಬ ಪ್ರಶ್ನೆ ಇಲ್ಲಿಗೆ ಬಂದು ಸೇರುತ್ತದೆ. ಲೋಕದಲ್ಲಿ ಸಾವಿರಕ್ಕೂ ಹೆಚ್ಚು ಜಾತಿಯ ಅನಿಮೋನುಗಳಿವೆ, ಅವುಗಳಲ್ಲಿ ಕ್ಲೌನ್ ಮೀನುಗಳಿಗೆ ಆಶ್ರಯ ಕೊಡುವುದು ಸುಮಾರು ಹತ್ತು ಮಾತ್ರ. ಕಾಲಿಂಗ್‌ವುಡ್ ಎಂಬ ನಿಸರ್ಗ ವಿಜ್ಞಾನಿ 1868ರಲ್ಲಿ ದಕ್ಷಿಣ ಚೀನಾ ಸಮುದ್ರದ ದೈತ್ಯ ಅನಿಮೋನುಗಳ ಒಡಲಲ್ಲಿ ಮೀನುಗಳು ವಾಸಿಸುವುದನ್ನು ವರ್ಣಿಸಿದಂದಿನಿಂದ ಈ ಜೋಡಿ ಮನುಷ್ಯರ ಕಣ್ಣನ್ನು ಹಿಡಿದಿಟ್ಟುಕೊಂಡಿದೆ, ನಮ್ಮಲ್ಲಿ ಹೆಚ್ಚಿನವರು ಅನಿಮೋನ್ ತರಲು ಬಯಸುವುದೂ ತೊಟ್ಟಿಯಲ್ಲಿರುವ ಕ್ಲೌನ್ ಮೀನಿಗಾಗಿಯೇ. ಆದ್ದರಿಂದ ಇದನ್ನು ಸ್ಪಷ್ಟವಾಗಿ ಹೇಳಬೇಕು: ಕಡಲಿನಲ್ಲಿ ಕ್ಲೌನ್ ಮೀನಿಗೆ ಅನಿಮೋನ್ ಇಲ್ಲದೆ ಉಳಿವಿಲ್ಲ, ಆದರೆ ಬೇಟೆಗಾರ ಮೀನುಗಳಿಲ್ಲದ ತೊಟ್ಟಿಯಲ್ಲಿ ಅದು ಅನಿಮೋನ್ ಇಲ್ಲದೆಯೇ ಆರೋಗ್ಯವಾಗಿ ಬಾಳಿ ಮೊಟ್ಟೆಯನ್ನೂ ಇಡುತ್ತದೆ. ಮೀನಿನ ಹಿತಕ್ಕೆಂದು ಅನಿಮೋನ್ ತರಬೇಕಾಗಿಲ್ಲ. ತಂದರೂ ಮೀನು ಅದರೊಳಗೆ ಹೋಗಿಯೇ ತೀರುತ್ತದೆ ಎಂಬ ಖಾತರಿಯೂ ಇಲ್ಲ. ಹೆಚ್ಚಾಗಿ ಸಾಕುವ ಆಸೆಲ್ಲಾರಿಸ್ ಕ್ಲೌನ್ ಕಡಲಿನಲ್ಲಿ ಬಬಲ್ ಟಿಪ್ ಜಾತಿಯಲ್ಲಿ ವಾಸಿಸುವುದಿಲ್ಲ. ತೊಟ್ಟಿಯಲ್ಲಿ ಕೆಲವು ಮೀನುಗಳು ಒಂದೇ ದಿನದಲ್ಲಿ ಅದನ್ನು ಒಪ್ಪಿಕೊಳ್ಳುತ್ತವೆ, ಕೆಲವು ವರ್ಷಗಳಾದರೂ ಹತ್ತಿರ ಸುಳಿಯುವುದಿಲ್ಲ. ದೊಡ್ಡ ಕ್ಲೌನ್ ಜೋಡಿಯೊಂದು ಆಗಷ್ಟೇ ಬಂದ ಚಿಕ್ಕ ಅನಿಮೋನಿನ ಮೇಲೆ ಬಿದ್ದು ಹೊರಳಿ, ಅದು ಅರಳಲು ಬಿಡದೆ ಸೊರಗಿಸುವುದೂ ಇದೆ.

ಮೊದಲ ಸಲ ಸಾಕುವವರಿಗೆ ನಾನು ಒಪ್ಪಿಗೆ ಕೊಡುವುದು ಬಬಲ್ ಟಿಪ್ ಒಂದಕ್ಕೇ, ಅದೂ ತೊಟ್ಟಿಯಲ್ಲೇ ಸೀಳಿ ಹುಟ್ಟಿದ ಮರಿಗೆ. ಈ ಜಾತಿ ತನ್ನ ಮೈಯನ್ನು ಉದ್ದಕ್ಕೆ ಎರಡಾಗಿ ಸೀಳಿಕೊಂಡು ಹೆಚ್ಚುತ್ತದೆ, ಆದ್ದರಿಂದ ಕಡಲಿನಿಂದ ಕೀಳದೆಯೇ ಹವ್ಯಾಸಿಗಳ ನಡುವೆ ಸಿಗುತ್ತದೆ. ಹಲವು ತಲೆಮಾರುಗಳಿಂದ ತೊಟ್ಟಿಯ ನೀರಿಗೂ ದೀಪಕ್ಕೂ ಒಗ್ಗಿಕೊಂಡಿರುತ್ತದೆ. ಅದರ ಪಾದಕ್ಕೆ ಕಲ್ಲಿನ ಬಿರುಕು ಬೇಕು. ಲಾಂಗ್ ಟೆಂಟಕಲ್ ಜಾತಿಗೆ ಪಾದವನ್ನು ಹೂತುಕೊಳ್ಳಲು ಆಳವಾದ ಮರಳು ಬೇಕು, ಹ್ಯಾಡೋನಿ ಕಾರ್ಪೆಟ್ ಕೂಡ ಮರಳಿನದೇ, ಅದು ಅರ್ಧ ಮೀಟರಿಗೂ ಮೀರಿ ಹರಡಿಕೊಂಡು ಹತ್ತಿರ ಬಂದ ಮೀನನ್ನು ಹಿಡಿದು ನುಂಗಬಲ್ಲದು. ಮ್ಯಾಗ್ನಿಫಿಕಾ ಅಲೆಗಳು ಬಡಿಯುವ ದಿಬ್ಬದ ನೆತ್ತಿಯ ವಾಸಿ. ಅದು ಬಯಸುವ ಬೆಳಕನ್ನೂ ಹರಿವನ್ನೂ ಕೊಡುವುದು ಮನೆಯ ತೊಟ್ಟಿಗಳಲ್ಲಿ ಬಹಳ ಕಷ್ಟ, ನೆಲೆ ಸಿಗದಿದ್ದರೆ ಅದು ತಿಂಗಳುಗಟ್ಟಲೆ ಅಲೆಯುತ್ತದೆ. ಚಂದವೆಂಬ ಒಂದೇ ಕಾರಣಕ್ಕೆ ಅದನ್ನು ತರುವುದನ್ನು ನಾನು ಒಪ್ಪಲಾರೆ. ಕಡಲಿನಿಂದ ಕಿತ್ತು ತಂದ ಪ್ರತಿಯೊಂದು ದೊಡ್ಡ ಅನಿಮೋನೂ ಅಲ್ಲಿ ಕ್ಲೌನ್ ಮೀನುಗಳ ಒಂದು ಮನೆ. ಫಿಲಿಪ್ಪೀನ್ಸಿನ ಸೆಬು ದ್ವೀಪದ ಸುತ್ತ ಅಕ್ವೇರಿಯಂ ವ್ಯಾಪಾರಕ್ಕಾಗಿ ಹಿಡಿಯುವ ದಿಬ್ಬಗಳಲ್ಲಿ ಅನಿಮೋನುಗಳೂ ಮೀನುಗಳೂ ವಿರಳವಾದದ್ದನ್ನು ಅಧ್ಯಯನ ಮಾಡಿದವರು ಕಂಡಿದ್ದಾರೆ.

ಜಾಗದ ಲೆಕ್ಕವನ್ನು ಲೀಟರಿನಲ್ಲಿ ಮಾತ್ರ ನೋಡದೆ ಅಳತೆಪಟ್ಟಿಯಿಂದ ನೋಡಿ. 60 ಸೆಂಟಿಮೀಟರ್ ಉದ್ದ, 45 ಅಗಲ, 45 ಎತ್ತರದ ತೊಟ್ಟಿಯಲ್ಲಿ ಹೆಚ್ಚೆಂದರೆ 120 ಲೀಟರ್ ನೀರು ಹಿಡಿಯುತ್ತದೆ. ಚೆನ್ನಾಗಿ ಬೆಳೆದ ಬಬಲ್ ಟಿಪ್ 30 ಸೆಂಟಿಮೀಟರ್ ಅರಳುತ್ತದೆ, ಅಂದರೆ ಉದ್ದದ ಅರ್ಧ. ಉಳಿದರ್ಧದಲ್ಲಿ ಹವಳಗಳನ್ನು ನೆಟ್ಟರೆ, ನಡೆದು ಬಂದ ಅನಿಮೋನ್ ಅವನ್ನು ಒಂದೊಂದಾಗಿ ಸುಡುತ್ತದೆ. ಆದ್ದರಿಂದ 200 ಲೀಟರಿಗೆ ಕಡಿಮೆಯಾದ ತೊಟ್ಟಿಗೆ ನಾನು ಬೇಡವೆಂದೇ ಹೇಳುತ್ತೇನೆ. ಅದಕ್ಕಿಂತ ದೊಡ್ಡದಾಗಿದ್ದರೂ ಹವಳಗಳಿಂದ ತುಂಬಿಹೋಗಿದ್ದರೆ ಅದಕ್ಕೂ ಬೇಡವೆನ್ನುತ್ತೇನೆ. ಇಷ್ಟು ವರ್ಷ ಆರೈಕೆಯಿಂದ ಬೆಳೆಸಿದ ಹವಳಗಳನ್ನು ಪಣಕ್ಕಿಡುವ ಹಕ್ಕು ನಮಗಿದೆಯೇ ಎಂಬುದೂ ಈ ನಿರ್ಧಾರದ ಒಂದು ಭಾಗ. ನಿಧಾನಗತಿಯ ಮ್ಯಾಂಡರಿನ್ ಮೀನು, ಕಡಲ ಕುದುರೆ ಇದ್ದರೆ ಅವು ಕರಬಳ್ಳಿಗೆ ಸಿಕ್ಕಿ ಸಾಯಬಹುದು. ಬಟರ್‌ಫ್ಲೈ ಮೀನುಗಳಲ್ಲಿ ಹಲವು ಅನಿಮೋನನ್ನೇ ಕಿತ್ತು ತಿನ್ನುತ್ತವೆ. ತೊಟ್ಟಿಯಲ್ಲಿ ಹಿಂದೆ ಎಂದಾದರೂ ತಾಮ್ರದ ಔಷಧ ಹಾಕಿದ್ದರೆ ಅದು ಕಲ್ಲಿನಲ್ಲೂ ಮರಳಿನಲ್ಲೂ ಉಳಿದು ಅನಿಮೋನಿಗೆ ವಿಷವಾಗುತ್ತದೆ. ಸಾಧ್ಯವಾದರೆ ಉಳಿದ ಕಲ್ಲುಗಳಿಂದ ಬೇರ್ಪಟ್ಟು, ಸುತ್ತ ಮರಳಿರುವ ಒಂದು ಒಂಟಿ ಕಲ್ಲನ್ನು ಅನಿಮೋನಿಗಾಗಿ ಸಿದ್ಧಪಡಿಸಿ. ಅನಿಮೋನ್ ಅದನ್ನು ಒಪ್ಪಿಕೊಂಡರೆ ಮರಳು ದಾಟಿ ಹೋಗುವುದು ಕಡಿಮೆ.

ಕೆಟ್ಟದ್ದಕ್ಕೂ ಸಿದ್ಧತೆ ಇರಬೇಕು. ಸತ್ತ ಅನಿಮೋನ್ ಗಂಟೆಗಳಲ್ಲೇ ಕರಗಿ ಅಮೋನಿಯವನ್ನು ಏರಿಸುತ್ತದೆ. ತೊಟ್ಟಿಯ ಕಾಲುಭಾಗದಷ್ಟು ಹದ ಮಾಡಿದ ಉಪ್ಪುನೀರು, ನೀರಿನ ಕಲ್ಮಶ ಹೀರುವ ಹೊಸ ಆಕ್ಟಿವೇಟೆಡ್ ಕಾರ್ಬನ್, ಕರೆಂಟ್ ಹೋದರೆ ನೀರಾಡಿಸಲು ಬ್ಯಾಟರಿಯ ಪಂಪ್, ಇವು ಅನಿಮೋನ್ ಬರುವ ಮೊದಲೇ ಮನೆಯಲ್ಲಿರಬೇಕು. ನೀವು ಊರಿನಲ್ಲಿಲ್ಲದಾಗ ತೊಟ್ಟಿ ನೋಡಿಕೊಳ್ಳುವವರಿಗೆ ಸತ್ತ ಅನಿಮೋನ್ ಹೇಗಿರುತ್ತದೆ ಎಂಬುದು ಗೊತ್ತಿರಬೇಕು: ಬಾಯಿ ಬಿರಿದು ಒಳಗಿನದು ಹೊರಬಂದಿರುತ್ತದೆ, ಮುಟ್ಟಿದರೆ ಲೋಳೆಯಂತೆ ಕೈಗೆ ಬರುತ್ತದೆ, ತಡೆಯಲಾಗದ ಕೆಟ್ಟ ವಾಸನೆ ಹೊಡೆಯುತ್ತದೆ. ಬರೀ ಮುದುಡಿಕೊಂಡದ್ದನ್ನು ಸತ್ತಿತೆಂದು ತಿಳಿಯಬಾರದು. ಮೈಯ ನೀರನ್ನೂ ಕಸವನ್ನೂ ಹೊರಹಾಕಲು ಆರೋಗ್ಯವಂತ ಅನಿಮೋನೂ ಕೆಲವು ಗಂಟೆ ಮುದುಡುತ್ತದೆ. ಅದನ್ನು ಮುಟ್ಟಬೇಕಾಗಿ ಬಂದರೆ ಕೈಗವಸು ಹಾಕಿಕೊಳ್ಳಿ, ಕೆಲವು ಜಾತಿಗಳ ಕುಟುಕು ಮನುಷ್ಯರಿಗೂ ನೋವುಂಟುಮಾಡುತ್ತದೆ.

ಕೊಳ್ಳುವಾಗ ನೋಡುವುದು ಮೂರು ಸಂಗತಿ: ಬಾಯಿ ಬಿಗಿಯಾಗಿ ಮುಚ್ಚಿರಬೇಕು, ಪಾದದಲ್ಲಿ ಹರಿದ ಗಾಯ ಇರಬಾರದು, ಆಹಾರದ ಚೂರು ತಾಗಿಸಿದರೆ ಕರಬಳ್ಳಿ ಅದನ್ನು ಅಂಟಿ ಹಿಡಿಯಬೇಕು. ಕಣ್ಣು ಕುಕ್ಕುವ ಹಳದಿ ಬಣ್ಣದ್ದು ಕಂಡರೆ ಬಣ್ಣ ಹಾಕಿದ್ದಿರಬಹುದು, ಬಿಟ್ಟುಬನ್ನಿ.

ಮೊದಲನೆಯದು ಸತ್ತು ಒಂದು ವರ್ಷ ನಾಲ್ಕು ತಿಂಗಳ ಮೇಲೆ ನಾನು ಎರಡನೆಯದನ್ನು ತಂದೆ. ಅಷ್ಟರಲ್ಲಿ ನೋಟ್‌ಬುಕ್ ತುಂಬಿ ಇನ್ನೊಂದು ಶುರುವಾಗಿತ್ತು, ಪಂಪುಗಳಿಗೆಲ್ಲ ಸ್ಪಂಜು ಕಟ್ಟಿತ್ತು. ಅಂಗೈಯಷ್ಟಿದ್ದ ಬಬಲ್ ಟಿಪ್ ಮರಿಯನ್ನು ಹನಿಹನಿಯಾಗಿ ತೊಟ್ಟಿಯ ನೀರಿಗೆ ಒಗ್ಗಿಸಿ, ದೀಪದ ತೀವ್ರತೆ ತಗ್ಗಿಸಿ ಒಂಟಿ ಕಲ್ಲಿನ ಬಿರುಕಿನ ಬಳಿ ಬಿಟ್ಟೆ. ಅದು ಆ ಕಲ್ಲಿನಲ್ಲಿ ನಿಲ್ಲಲಿಲ್ಲ. ಮೊದಲ ರಾತ್ರಿ ಕಲ್ಲಿನ ಹಿಂಬದಿಗೆ ಹೋಯಿತು, ಮೂರನೆಯ ದಿನ ಗಾಜಿನ ಮೇಲೆ ಹತ್ತಿತು, ಐದನೆಯ ದಿನ ವೇವ್ ಮೇಕರಿನ ಸ್ಪಂಜಿಗೆ ಒಂದು ಕರಬಳ್ಳಿ ತಾಗಿಸಿಕೊಂಡು ಇಡೀ ರಾತ್ರಿ ಅಲ್ಲೇ ಇತ್ತು. ಕಿತ್ತು ತರಬೇಕೆಂದು ಕೈ ಎಷ್ಟು ತುಡಿದರೂ ಮುಟ್ಟಲಿಲ್ಲ, ಏಕೆಂದರೆ ಅಂಟಿಕೊಂಡ ಪಾದವನ್ನು ಎಳೆದರೆ ಹರಿಯುತ್ತದೆ. ಒಂಬತ್ತನೆಯ ದಿನ ಅದು ಎಡಬದಿಯ ಕಲ್ಲುಗಳ ಸಂದಿಗೆ ಪಾದವನ್ನು ತೂರಿಸಿ ಮುಖವನ್ನು ಮಾತ್ರ ಬೆಳಕಿಗೆ ಚಾಚಿತು. ಅಲ್ಲಿ ನಾನು ಅಳೆದಿದ್ದ ಪಾರ್ 220. ಮತ್ತೆ ನಾಲ್ಕು ದಿನ ಅದು ಕದಲದಿರುವುದನ್ನು ನೋಡಿದ ಮೇಲೆ, ಬಟಾಣಿಗಿಂತ ಚಿಕ್ಕದಾದ ಸೀಗಡಿಯ ಚೂರನ್ನು ಇಕ್ಕಳದಿಂದ ಕೊಟ್ಟೆ. ಕರಬಳ್ಳಿಗಳು ಒಂದೊಂದಾಗಿ ಬಾಗಿ ಅದನ್ನು ನಡುವಿಗೆ ದಾಟಿಸಿದವು, ಬಾಯಿ ತೆರೆಯಿತು, ಮುಚ್ಚಿತು. ಮಾರನೆಯ ದಿನ ಅದು ಚೂರನ್ನು ಉಗುಳಿರಲಿಲ್ಲ. ಆ ದಿನ ಅದರ ಅಗಲವನ್ನು ಗಾಜಿನ ಹೊರಗಿನಿಂದ ಅಳತೆಪಟ್ಟಿ ಹಿಡಿದು ಅಳೆದು, 9 ಸೆಂಟಿಮೀಟರ್ ಎಂದು ನೋಟ್‌ಬುಕ್ಕಿನಲ್ಲಿ ಬರೆದೆ. ಪ್ರತಿ ತಿಂಗಳ ಮೊದಲ ದಿನ ಈಗಲೂ ಅಳೆದು ಅದರ ಕೆಳಗೆ ಬರೆಯುತ್ತೇನೆ.